ಟಪ್ ಅಂದ ಒಲೆ

ಕೇಳುಗರೆಲ್ಲರಿಗೂ ನಮಸ್ಕಾರ. ದಾವಣಗೆರೆಯ ಮಂಡಿಪೇಟೆ ಕಡೆ ಒಂದು ಸಣ್ಣ ಅಂಗಡಿಯಲ್ಲಿ ಮಿಕ್ಸಿ, ಫ್ಯಾನು, ಇಂಡಕ್ಷನ್ ಒಲೆ ರಿಪೇರಿ ಮಾಡುವವನು ನಾನು. ಇವತ್ತು ಒಲೆಯ ವಿಷಯ. ಶುರುವಿಗೆ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ.

ನಿಟ್ಟುವಳ್ಳಿಯಿಂದ ಒಬ್ಬ ಅಕ್ಕ ಒಲೆ ತಂದಿದ್ದರು. ಹಾಲು ಕಾಯಿಸುವಾಗ ಟಪ್ ಅಂತ ಸದ್ದಾಗಿ ಮನೆಯ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು, ಬಿತ್ತಂತೆ. ಬಿಚ್ಚಿದರೆ ಫ್ಯೂಸು ಕಪ್ಪಾಗಿದೆ, ಐಜಿಬಿಟಿ ಶಾರ್ಟ್ ಆಗಿದೆ. ಐಜಿಬಿಟಿ ಅಂದರೆ ಬಿಸಿ ಎಳೆದುಕೊಳ್ಳುವ ಅಲ್ಯೂಮಿನಿಯಂ ಹೀಟ್‌ಸಿಂಕಿಗೆ ಸ್ಕ್ರೂ ಹಾಕಿ ಕೂರಿಸಿರುವ ಮೂರು ಕಾಲಿನ ಕರಿ ಬಿಲ್ಲೆ. ಪಾತ್ರೆ ಬಿಸಿ ಮಾಡುವ ತಂತಿ ಸುರುಳಿ, ಅಂದರೆ ಕಾಯಿಲ್‌ಗೆ ಹೋಗುವ ಕರೆಂಟನ್ನು ಸೆಕೆಂಡಿಗೆ 20,000ಕ್ಕೂ ಜಾಸ್ತಿ ಸಲ ಆನ್ ಆಫ್ ಮಾಡುವುದು ಅದೇ. ಎರಡನ್ನೂ ಬದಲಿಸಿದೆ, ಅವರ ಎದುರೇ ಒಂದು ಚೊಂಬು ನೀರು ಕಾಯಿಸಿ ತೋರಿಸಿದೆ, ದುಡ್ಡು ಜೇಬಿಗೆ ಹಾಕಿಕೊಂಡೆ. ಮೂರನೇ ದಿನ ಅಕ್ಕ ಮತ್ತೆ ಅಂಗಡಿ ಮುಂದೆ. "ಅಣ್ಣಾ, ಮತ್ತೆ ಟಪ್ ಅಂತು ನೋಡ್ರಿ."

ಈ ಸಲ ಗಡಿಬಿಡಿ ಮಾಡಲಿಲ್ಲ. ಕಾಯಿಲ್ ಜೊತೆ ಕೆಲಸ ಮಾಡುವ ಒಂದು ಚೌಕನೆ ಕೆಪಾಸಿಟರ್ ಇರುತ್ತದೆ, ಕರೆಂಟನ್ನು ತುಂಬಿಟ್ಟುಕೊಂಡು ಬಿಡುವ ಸಾಮಾನು. ಅದನ್ನು ಬೋರ್ಡಿನಿಂದ ಬಿಡಿಸಿ ಮೀಟರಿಗೆ ಹಿಡಿದೆ. ಎಷ್ಟು ತುಂಬಿಟ್ಟುಕೊಳ್ಳುತ್ತದೆ ಅನ್ನುವ ಅಳತೆ ಮೈಮೇಲೆ 0.3 ಮೈಕ್ರೋಫ್ಯಾರಡ್ ಅಂತ ಅಚ್ಚಾಗಿತ್ತು, ಮೀಟರು 0.19 ತೋರಿಸಿತು. ಉಬ್ಬಿರಲಿಲ್ಲ, ಸುಟ್ಟಿರಲಿಲ್ಲ, ನೋಡಲು ಹೊಸದರ ಹಾಗೇ ಇತ್ತು! ಈ ಕೆಪಾಸಿಟರ್ ಸೊರಗಿದರೆ ಕಾಯಿಲ್‌ನಿಂದ ವಾಪಸ್ ಬರುವ ವೋಲ್ಟೇಜ್ ಏರುತ್ತದೆ. 1200 ವೋಲ್ಟ್ ತಡೆಯುವ ಐಜಿಬಿಟಿಗೆ ಅದಕ್ಕಿಂತ ಜಾಸ್ತಿ ಬಿದ್ದರೆ ಎಷ್ಟು ದಿನ ತಡೆದೀತು? ನಾನು ಹಾಕಿದ ಹೊಸದನ್ನೂ ಅದೇ ತಿಂದು ಹಾಕಿತ್ತು. ಎರಡನೇ ಸಲದ ಖರ್ಚು ನನ್ನ ತಲೆ ಮೇಲೆ ಬಂತು.

ಅವತ್ತಿನಿಂದ ಐಜಿಬಿಟಿ ಬದಲಿಸಿದ ಒಲೆಯನ್ನು ನಾನು ನೇರ ಕರೆಂಟಿಗೆ ಹಾಕುವುದಿಲ್ಲ. 100 ವ್ಯಾಟಿನ ಹಳೇ ಕಾಲದ ಬಲ್ಬನ್ನು ಸೀರೀಸ್‌ನಲ್ಲಿ ಕೊಟ್ಟು, ಅಂದರೆ ಕರೆಂಟು ಬಲ್ಬನ್ನು ದಾಟಿಯೇ ಒಲೆಗೆ ಹೋಗುವ ಹಾಗೆ ಜೋಡಿಸಿ, ನೋಡುತ್ತೇನೆ. ಎಲ್‌ಇಡಿ ಬಲ್ಬು ಇದಕ್ಕೆ ಆಗುವುದಿಲ್ಲ. ತಂತಿ ಇರುವ ಬಲ್ಬು ಈಗ ಸಿಗುವುದೇ ಕಷ್ಟ, ನಾನು ನಾಲ್ಕು ಕೂಡಿಟ್ಟುಕೊಂಡಿದ್ದೇನೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಝಗ್ ಅಂತ ಪೂರ್ತಿ ಉರಿಯುತ್ತದೆ, ಹೊಸ ಸಾಮಾನು ಉಳಿಯುತ್ತದೆ. ಸರಿ ಇದ್ದರೆ ಒಂದು ಸಲ ಮಿಂಚಿ ಆರುತ್ತದೆ. ಆಮೇಲೆ ಪಾತ್ರೆ ಇಟ್ಟು ಸ್ವಿಚ್ ಒತ್ತಿದರೆ ಬಲ್ಬು ಹತ್ತುತ್ತಾ ಆರುತ್ತಾ ಇರುತ್ತದೆ. ಅದು ಕಂಡರೆ ನನಗೆ ಜೀವ ಬಂದ ಹಾಗೆ. ಇಷ್ಟಾದ ಮೇಲೂ ಐಜಿಬಿಟಿಯನ್ನು ಓಡಿಸುವ 18 ವೋಲ್ಟ್ ಸರಿಯಾಗಿ ಬರುತ್ತಿದೆಯಾ ಅಂತ ಮೀಟರು ಹಿಡಿದು ನೋಡುತ್ತೇನೆ. ಅದು ಇಳಿದಿದ್ದರೆ ಬಿಲ್ಲೆ ಪೂರ್ತಿ ಆನ್ ಆಗದೆ ಅರ್ಧಂಬರ್ಧ ನಿಂತು ಬಿಸಿಯೇರುತ್ತದೆ, ಮತ್ತೆ ಟಪ್.

ಇದೆಲ್ಲ ಅಂಗಡಿ ಕೆಲಸ. ಮನೆಯಲ್ಲಿ ಮಾತ್ರ ಒಲೆ ಬಿಚ್ಚಬೇಡಿ. ಪ್ಲಗ್ ಕಿತ್ತರೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ನಿಂತಿರಬಹುದು. ನನ್ನ ಬಲಗೈ ಹೆಬ್ಬೆರಳಿಗೆ ಅದರ ಪರಿಚಯ ಚೆನ್ನಾಗಿದೆ.

ನೀವು ನೋಡಬಹುದಾದದ್ದು ಬೇರೆ ಇದೆ. ಅಂಗಡಿಗೆ ಬರುವ ಒಲೆಗಳಲ್ಲಿ ಎಷ್ಟೋ ಕೆಟ್ಟಿರುವುದೇ ಇಲ್ಲ. ಪಾತ್ರೆಯ ತಳಕ್ಕೆ ಫ್ರಿಜ್ ಮೇಲಿನ ಮ್ಯಾಗ್ನೆಟ್ ಹಿಡಿಯಿರಿ. ಗಟ್ಟಿಯಾಗಿ ಅಂಟದಿದ್ದರೆ ಒಲೆ ಬೀಪ್ ಬೀಪ್ ಅಂತ ಅರಚಿ ಸುಮ್ನಾಗುತ್ತದೆ. ಬರೀ ಅಲ್ಯೂಮಿನಿಯಂ, ತಾಮ್ರ ಇದಕ್ಕೆ ಆಗುವುದಿಲ್ಲ. ದೋಸೆಯ ಕಬ್ಬಿಣದ ಕಾವಲಿ ಆಗುತ್ತದೆ, ತಳ ಮಟ್ಟಸ ಇರಬೇಕು ಅಷ್ಟೇ. ಪರದೆ ಮೇಲೆ ಬರುವ ಎರರ್ ನಂಬರಿಗೆ ಒಲೆ ಜೊತೆ ಕೊಟ್ಟ ಪುಸ್ತಕವನ್ನೇ ನೋಡಿ. ಒಂದು ಕಂಪನಿಯಲ್ಲಿ "ಪಾತ್ರೆ ಇಲ್ಲ" ಅನ್ನುವ ನಂಬರು ಇನ್ನೊಂದರಲ್ಲಿ ಬೇರೇನೋ ಆಗಿರುತ್ತದೆ.

ಆಮೇಲೆ ಪ್ಲಗ್ಗು. 2000 ವ್ಯಾಟಿನ ಒಲೆ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 9 ಆಂಪ್ ಎಳೆಯುತ್ತದೆ. ಅದನ್ನು ಕನ್ವರ್ಟರ್ ಹಾಕಿ 6 ಆಂಪಿನ ಸಣ್ಣ ಸಾಕೆಟ್ಟಿಗೆ ತುರುಕುವವರು ಬಹಳ. ಪಿನ್ನು ಕಂದು ಬಣ್ಣಕ್ಕೆ ತಿರುಗಿದ್ದರೆ, ಪ್ಲಾಸ್ಟಿಕ್ ವಾಸನೆ ಬಂದರೆ, ರಿಪೇರಿ ಬೇಕಾಗಿರುವುದು ಸಾಕೆಟ್ಟಿಗೆ.

ಒಲೆ ಹತ್ತು ನಿಮಿಷ ಉರಿದು ತಾನೇ ಆರಿಹೋಗುತ್ತದಾ? ತಳಕ್ಕೆ ಕಿವಿ ಕೊಟ್ಟು ಫ್ಯಾನ್ ಸದ್ದು ಕೇಳಿ. ಮಂಡಕ್ಕಿ ಭಟ್ಟಿ ಕಡೆಯಿಂದ ಬರುವ ಒಲೆಗಳ ಫ್ಯಾನಿಗೆ ಮಸಿ, ಅಡುಗೆ ಜಿಡ್ಡು ಎರಡೂ ಸೇರಿ ಮೆತ್ತಿಕೊಂಡಿರುತ್ತದೆ, ಬೆರಳಲ್ಲಿ ತಿರುಗಿಸಿದರೂ ಬಿಗಿ. ಏಪ್ರಿಲ್ ಸೆಖೆಯಲ್ಲಿ ಒಳಗಿನ ಬಿಸಿ ಹೊರಗೆ ಹೋಗದೆ ಸೆನ್ಸರ್ ಒಲೆಯನ್ನು ನಿಲ್ಲಿಸುತ್ತದೆ. ಕೆಟ್ಟ ಸೆನ್ಸರ್ ಅಲ್ಲ ಅದು, ತನ್ನ ಕೆಲಸ ಮಾಡುತ್ತಿದೆ. ಒಲೆಯ ಕೆಳಗೆ ಪೇಪರ್, ಪ್ಲಾಸ್ಟಿಕ್ ಶೀಟ್ ಹಾಸಬೇಡಿ, ಗಾಳಿ ಎಳೆಯುವ ಕಿಂಡಿ ಇರುವುದೇ ಅಲ್ಲಿ.

ಅದೇ ಕಿಂಡಿಯಿಂದ ಜಿರಳೆಯೂ ಒಳಗೆ ಹೋಗುತ್ತದೆ. ಬೆಚ್ಚಗಿರುತ್ತದೆ ಅಲ್ವಾ. ಮೊಟ್ಟೆ ಇಟ್ಟು, ಬೋರ್ಡಿನ ಮೇಲೆ ಹಿಕ್ಕೆ ಹಾಕಿ, ಬಟನ್ನು ತಾನಾಗಿ ಒತ್ತಿದಂತೆ ಮಾಡಿಸುತ್ತದೆ. ಥಿನ್ನರ್‌ನಲ್ಲಿ ಬ್ರಷ್ ಅದ್ದಿ ತೊಳೆದು ಒಣಗಿಸಿದರೆ ಒಲೆ ಸರಿಹೋಗುವುದು ಉಂಟು. ಹಾಗೆ ತೊಳೆದು ಕೊಟ್ಟಾಗ "ಏನೂ ಸಾಮಾನು ಹಾಕಿಲ್ಲ, ದುಡ್ಡು ಯಾಕೆ?" ಅಂತ ಕೇಳುವವರಿದ್ದಾರೆ. ಒಬ್ಬ ಅಜ್ಜಿಗೆ ಡಬ್ಬಿಯಲ್ಲಿ ತುಂಬಿದ್ದ ಜಿರಳೆ ತೋರಿಸಿದೆ. ಅವರು ಸೆರಗು ಮೂಗಿಗೆ ಹಿಡಿದು, ಕೇಳಿದ್ದಕ್ಕಿಂತ ಹತ್ತು ರೂಪಾಯಿ ಜಾಸ್ತಿಯೇ ಇಟ್ಟು ಹೋದರು.

ನಮಸ್ಕಾರ.