ಸರ್ಕಾರಿ ಸಂಗೀತವಂತೆ! ಮೊದಲು ಕೇಳಿ ಮಾರಾಯ್ರೆ

ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಆದರೆ ಹೋದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: "ಮ್ಯಾಸ್ಕೋವ್‌ಸ್ಕಿಯ 23ನೇ ಸಿಂಫನಿಯಾ? ಸರ್ಕಾರಿ ಸಂಗೀತ ಸಾರ್. ಮೇಲಿನವರು ಹೇಳಿದರು, ಇವರು ಬರೆದರು. ಅದರಲ್ಲಿ ಕೇಳೋಕೇನಿದೆ?"

ಮ್ಯಾಸ್ಕೋವ್‌ಸ್ಕಿ ಅಂದರೆ ಸೋವಿಯತ್ ಕಾಲದ ರಷ್ಯದ ಸಂಗೀತ ರಚನಕಾರ; ಸಿಂಫನಿ ಅಂದರೆ ದೊಡ್ಡ ವಾದ್ಯವೃಂದಕ್ಕೆ ಬರೆದ ಉದ್ದನೆಯ ಕೃತಿ. ಮೂರು ದಿನದಿಂದ ಆ ಕಾಮೆಂಟೇ ತಲೆಯಲ್ಲಿ. ನಿನ್ನೆ ಊಟದ ತಟ್ಟೆಯ ಮುಂದೆ ಕೂತು ಒಬ್ಬನೇ ಉತ್ತರ ಕೊಡುತ್ತಿದ್ದೆ. ಸಾರು ಆರಿಹೋಯಿತು.

ಸರಿ, ಕಥೆ ಕೇಳಿ. 1941. ಜರ್ಮನ್ ಸೇನೆ ಸೋವಿಯತ್ ದೇಶದೊಳಗೆ ನುಗ್ಗಿದೆ. ಮಾಸ್ಕೋದ ಒಂದಷ್ಟು ಕಲಾವಿದರನ್ನು ರೈಲು ಹತ್ತಿಸಿ ದೂರ ಕಳಿಸುತ್ತಾರೆ. ಕಾಕಸಸ್ ಬೆಟ್ಟಗಳ ಬುಡದಲ್ಲಿರುವ ನಾಲ್ಚಿಕ್ ಎಂಬ ಊರಿಗೆ. ಆ ಗುಂಪಿನಲ್ಲಿ ಇನ್ನೊಬ್ಬ ರಚನಕಾರ ಪ್ರೊಕೋಫಿಯೆವ್ ಇದ್ದರು, 60 ವರ್ಷದ ಮ್ಯಾಸ್ಕೋವ್‌ಸ್ಕಿ ಇದ್ದರು. ಅಲ್ಲಿನ ಕಲಾ ಇಲಾಖೆ ನೋಡಿಕೊಳ್ಳುತ್ತಿದ್ದವರು ಖಾತು ತೆಮಿರ್ಕಾನೊವ್. ಅವರು ಇವರಿಗೆ ಹೇಳಿದ್ದಿಷ್ಟೇ: ನಮ್ಮ ಕಬಾರ್ಡಿಯನ್, ಬಾಲ್ಕರ್ ಜನರ ಹಾಡುಗಳಿವೆ, ಅವನ್ನಿಟ್ಟುಕೊಂಡು ಏನಾದರೂ ಮಾಡಿ. ಪ್ರೊಕೋಫಿಯೆವ್ ಒಂದು ಕ್ವಾರ್ಟೆಟ್, ಅಂದರೆ ನಾಲ್ಕು ತಂತಿವಾದ್ಯಗಳ ಕೃತಿ, ಬರೆದರು. ಮ್ಯಾಸ್ಕೋವ್‌ಸ್ಕಿ ಈ ಸಿಂಫನಿ ಬರೆದರು. ಅಂದಹಾಗೆ, ಆ ಅಧಿಕಾರಿಯ ಪುಟ್ಟ ಮಗ ಯೂರಿ ಮುಂದೆ ವಾದ್ಯವೃಂದ ನಡೆಸುವ ದೊಡ್ಡ ಕಂಡಕ್ಟರ್ ಆದರು. ಅದು ಇನ್ನೊಂದು ಸಂಚಿಕೆಗೆ. ಸಬ್‌ಸ್ಕ್ರೈಬ್ ಆಗಿದ್ದರೆ ತಪ್ಪಿಸಿಕೊಳ್ಳಲ್ಲ, ಅಷ್ಟೇ ಹೇಳುವುದು.

ಹೌದು, ಅಧಿಕಾರಿ ಹೇಳಿದ್ದೇ. ಏನೀಗ? ಯಾರೋ ಹೇಳಿ ಬರೆಸಿದರೆ ಹಾಡು ಸತ್ತುಹೋಗುತ್ತಾ?

ನಮ್ಮ ಜಯಚಾಮರಾಜ ಒಡೆಯರು 1940ರ ದಶಕದಲ್ಲಿ ದುಡ್ಡು ಕೊಟ್ಟು, ಇಂಗ್ಲೆಂಡಿನಲ್ಲಿದ್ದ ರಷ್ಯದ ರಚನಕಾರ ಮೆಟ್ನರ್ ಅವರ ಸಂಗೀತ ರೆಕಾರ್ಡ್ ಮಾಡಿಸಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಂಚೆರ್ಟೊವನ್ನು (ಪಿಯಾನೋ ಮತ್ತು ವಾದ್ಯವೃಂದದ ಕೃತಿ) ಮಹಾರಾಜರಿಗೇ ಅರ್ಪಿಸಿದರು. ಅದಕ್ಕೆ ನಾವು ಏನಂತೀವಿ? ಕಲಾಪೋಷಣೆ! ಎದೆ ತಟ್ಟಿಕೊಳ್ಳುತ್ತೀವಿ. ನಾಲ್ಚಿಕ್‌ನ ಒಬ್ಬ ಅಧಿಕಾರಿ ತನ್ನೂರಿನ ಹಾಡಿಗೆ ಕೇಳಿಕೊಂಡರೆ ಮಾತ್ರ ಪ್ರಚಾರವಾ? ಭಲೇ.

"27 ಸಿಂಫನಿ ಬರೆದವನು, ಅದು ಕಾರ್ಖಾನೆ" ಅಂತ ಇನ್ನೊಬ್ಬರು. ಈ ಮಾತು ಪುರಂದರದಾಸರ ಮುಂದೆ ಹೋಗಿ ಹೇಳಿ, ನೋಡೋಣ.

ಕೇಳಿದ್ದೀರಾ ಆ 23ನೆಯದನ್ನ? ಶುರುವಿನಲ್ಲಿ ಎಷ್ಟು ನಿಧಾನ! ಬೆಟ್ಟದ ಮೇಲಿನ ಮಂಜು ಇನ್ನೂ ಕರಗಿಲ್ಲ ಅನ್ನೋ ಹಾಗೆ. ನಡುವಿನ ಭಾಗವೂ ನಿಧಾನವೇ, ಅದರ ದುಃಖದಲ್ಲಿ ಬೊಬ್ಬೆ ಇಲ್ಲ. ಕೊನೆಗೆ ಬರುವುದು ಇಸ್ಲಾಮೆ ಎಂಬ ಕಾಕಸಸ್ ಜನರ ಕುಣಿತ. 1869ರಲ್ಲೇ ರಷ್ಯದ ರಚನಕಾರ ಬಾಲಾಕಿರೆವ್ ಪಿಯಾನೋದಲ್ಲಿ ಕುಣಿಸಿದ್ದ ಧಾಟಿ ಅದು. ಅವರು ಕುಣಿಸಿದ್ದು ಪಿಯಾನೋ ನುಡಿಸುವವರ ಬೆರಳು ಮುರಿಯೋಕೆ. ಇವರದು ಹಾಗಲ್ಲ, ಊರಿನವರೆಲ್ಲ ಅಂಗಳಕ್ಕೆ ಇಳಿದ ಹಾಗೆ. ಯಾವ ಇಲಾಖೆಯ ಕಡತದಿಂದ ಬರುತ್ತೆ ಹೇಳಿ ಇದು?

ಈಗ ಅಸಲಿ ಮಾತಿಗೆ ಬರುತ್ತೇನೆ. 1944ರ ಮಾರ್ಚ್‌ನಲ್ಲಿ ಅದೇ ಸರ್ಕಾರ ಬಾಲ್ಕರ್ ಜನರನ್ನು ಪೂರ್ತಿ ಎತ್ತಿ, ರೈಲಿಗೆ ತುಂಬಿ, ಮಧ್ಯ ಏಷ್ಯಾಗೆ ಸಾಗಿಸಿತು. ಕಬಾರ್ಡಿನೊ-ಬಾಲ್ಕರ್ ಗಣರಾಜ್ಯದ ಹೆಸರಿನಿಂದಲೂ ಅವರನ್ನು ಕಿತ್ತುಹಾಕಿತು. ಅವರು ವಾಪಸ್ ಬರೋಕೆ 1957 ಆಗಬೇಕಾಯಿತು. ಆ ಹದಿಮೂರು ವರ್ಷ ನಕ್ಷೆಯಲ್ಲಿ ಅವರ ಹೆಸರಿಲ್ಲ. ಆದರೆ 'ಕಬಾರ್ಡಿನೊ-ಬಾಲ್ಕರ್ ಹಾಡುಗಳ ಮೇಲೆ' ಅಂತ ಬರೆದ ಸಿಂಫನಿ ಒಂದು ಹುಟ್ಟಿ ಆಗಿತ್ತು. ಸರ್ಕಾರಿ ಸಂಗೀತ ಅಂತೀರಲ್ಲ, ಸರ್ಕಾರ ಅಳಿಸಿದ್ದನ್ನು ಇಟ್ಟುಕೊಂಡಿದ್ದು ಯಾವುದು ಸ್ವಾಮಿ? ಅಷ್ಟೇ ಅಲ್ಲ, 1948ರಲ್ಲಿ ಕಮ್ಯುನಿಸ್ಟ್ ಪಕ್ಷದವರು ಇದೇ ಮ್ಯಾಸ್ಕೋವ್‌ಸ್ಕಿಯನ್ನೂ ಶೋಸ್ತಕೋವಿಚ್, ಪ್ರೊಕೋಫಿಯೆವ್ ಜೊತೆ ನಿಲ್ಲಿಸಿ ಬೈದರು. ಸರ್ಕಾರದ ಮನುಷ್ಯನಂತೆ!

"ಹಾಗಾದರೂ ಹೇಳಿ ಬರೆಸಿದ್ದೇ ತಾನೇ" ಅಂತೀರಾ? ಹೌದ್ರೀ! ಹೇಳಿ ಬರೆಸಿದ್ದು! ನನ್ನ ಹೆಂಡತಿ ಹೇಳಿ ಮಾಡಿಸಿದ ಉಪ್ಪಿಟ್ಟನ್ನೂ ನೀವು ತಿನ್ನಲ್ವಾ? ಚೆನ್ನಾಗಿತ್ತು ಅದು.

ಇನ್ನು ನನ್ನ ಹತ್ತಿರ ವಾದ ಇಲ್ಲ. ಸುಮಾರು ಅರ್ಧ ಗಂಟೆಯ ಸಂಗೀತ, ಅಷ್ಟೇ. ಕೇಳಿ, ಆಮೇಲೆ ಬೈಯಿರಿ. ಕೇಳದೇ ಬೈದರೆ ಮುಂದಿನ ವಾರ 24ನೆಯದು, ಅದರ ಮುಂದಿನ ವಾರ 25. ಅಷ್ಟಕ್ಕೂ ಒಪ್ಪದಿದ್ದರೆ ಒಂದನೆಯದರಿಂದ ಶುರು ಮಾಡುತ್ತೇನೆ. ನನಗೇನೂ ಬೇರೆ ಕೆಲಸವಿಲ್ಲ.