ಮನೆ ಎಷ್ಟು ದಿನಕ್ಕೆ ಏಳುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮನೆ ಕಟ್ಟಿಕೊಡುವವನು. ಮನೆ ಕಟ್ಟಿಸಲು ಹೊರಟವರು ನನ್ನ ಹತ್ತಿರ ಬಂದು ಕೂತ ಕೂಡಲೇ ಕೇಳುವ ಮಾತು ಒಂದೇ. "ಸರ್, ಎಷ್ಟು ತಿಂಗಳಲ್ಲಿ ಮುಗಿಯುತ್ತೆ?" ಬಾಡಿಗೆ ಮನೆ ಬಿಡುವುದು, ಸಾಲದ ಕಂತು, ಮಕ್ಕಳ ಶಾಲೆ, ಎಲ್ಲವೂ ಆ ಉತ್ತರಕ್ಕೆ ಕಾದಿರುತ್ತವೆ. ಹಾಗಾಗಿ ನಾನು ಬಾಯಿಗೆ ಬಂದ ಲೆಕ್ಕ ಹೇಳಿ ಕಳಿಸುವುದಿಲ್ಲ. ನಕ್ಷೆಗೆ ಮಂಜೂರಾತಿ ಸಿಕ್ಕ ಮೇಲೆ, ಸಾಧಾರಣ ಗಾತ್ರದ ಇಟ್ಟಿಗೆ, ಕಾಂಕ್ರೀಟಿನ ಮನೆಗೆ 8 ತಿಂಗಳಿಂದ 1 ವರ್ಷ ಇಟ್ಟುಕೊಳ್ಳಿ ಅನ್ನುತ್ತೇನೆ. ಎಷ್ಟೋ ಜನರ ಮುಖ ಸಪ್ಪಗಾಗುತ್ತದೆ. ಅಷ್ಟೊಂದು ದಿನ ಯಾಕೆ ಬೇಕು ಅಂತ ಅವರಿಗೆ ಅನ್ನಿಸುವುದು ಸಹಜ ಅಲ್ವಾ? ಆ ದಿನಗಳೆಲ್ಲ ಎಲ್ಲಿ ಹೋಗುತ್ತವೆ ಅನ್ನುವುದನ್ನೇ ಇವತ್ತು ಹೇಳುತ್ತೇನೆ.

ಕಾಂಕ್ರೀಟಿನಿಂದ ಶುರು ಮಾಡೋಣ. ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಸಿಮೆಂಟು ನೀರಿನ ಜೊತೆ ಬೆರೆತು ಬೇರೆಯದೇ ವಸ್ತುವಾಗುತ್ತದೆ, ಅದರಿಂದ ಗಟ್ಟಿತನ ಬರುತ್ತದೆ. ನೀರು ಆರಿಹೋದರೆ ಆ ಕೆಲಸ ಅರ್ಧಕ್ಕೇ ನಿಂತುಬಿಡುತ್ತದೆ. ಅದಕ್ಕೇ ಕ್ಯೂರಿಂಗ್ ಬೇಕು. ಕಡಿಮೆ ಅಂದರೂ 7 ದಿನ, ಬಿಸಿಲು, ಗಾಳಿ ಜೋರಾಗಿದ್ದರೆ 10 ದಿನಕ್ಕಿಂತ ಜಾಸ್ತಿ, ಕಾಂಕ್ರೀಟ್ ಒದ್ದೆಯಾಗಿಯೇ ಇರಬೇಕು. ತಾರಸಿ ಹಾಕಿದ ಒಂದೆರಡು ದಿನಕ್ಕೆ ಅದರ ಮೇಲೆ ಓಡಾಡಬಹುದು, ನೋಡಲು ಬಂಡೆಯ ಹಾಗೆ ಕಾಣುತ್ತದೆ. ಆದರೆ 7ನೇ ದಿನಕ್ಕೆ ಬಂದಿರುವ ಬಲ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಇಂಜಿನಿಯರ್ ಲೆಕ್ಕ ಹಾಕುವಾಗ ನಂಬುವ ಬಲ 28ನೇ ದಿನದ್ದು. ಚಳಿ ಹೆಚ್ಚಿದ್ದರೆ ಇದು ಇನ್ನೂ ನಿಧಾನ. ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಗಟ್ಟಿಯಾಗುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ.

ಇನ್ನು ಕಾಂಕ್ರೀಟ್ ಗಟ್ಟಿಯಾಗುವವರೆಗೆ ತಾರಸಿಯನ್ನು ಕೆಳಗಿನಿಂದ ಹೊತ್ತು ನಿಲ್ಲುವ ಆಸರೆ, ಅಂದರೆ ಸೆಂಟ್ರಿಂಗ್. ಸಣ್ಣ ಕೋಣೆಯ ಮೇಲಿನ ತಾರಸಿಗೆ ಒಂದು ವಾರ ಸಾಕಾಗಬಹುದು. ಅಗಲವಾದ ಹಾಲ್‌ಗೆ ಎರಡು ವಾರ, ಉದ್ದದ ತೊಲೆಗಳಿಗೆ ಮೂರು ವಾರದವರೆಗೂ ಬೇಕು. ಈ ಲೆಕ್ಕವನ್ನು ಇಂಜಿನಿಯರ್ ಹೇಳಬೇಕು, ಮನೆ ಯಜಮಾನರ ಅವಸರ ಹೇಳಬಾರದು. ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ಕಡೆ, ಮೇಲಿನ ಗೋಡೆ ಬೇಗ ಏಳಲಿ ಅಂತ ಸೆಂಟ್ರಿಂಗ್ ಬೇಗ ಬಿಚ್ಚಲು ನಾನೇ ಒಪ್ಪಿಕೊಂಡೆ. ನಾಲ್ಕೈದು ದಿನವೇನೋ ಉಳಿತಾಯವಾಯಿತು. ತಾರಸಿಯ ನಡುಭಾಗ ಕೆಳಗೆ ಬಾಗಿತು. ಬೀಳಲಿಲ್ಲ. ಆದರೆ ಮಳೆ ಬಂದಾಗಲೆಲ್ಲ ನೀರು ಅಲ್ಲೇ ನಿಲ್ಲುತ್ತಿತ್ತು. ಆ ಮನೆಯವರು ಆಮೇಲೆ ಎಷ್ಟು ಸಲ ರಿಪೇರಿ ಮಾಡಿಸಿದರು ಅನ್ನುವುದು ನನಗೆ ಗೊತ್ತು. ಅವತ್ತಿನಿಂದ ಆಸರೆ ಬಿಚ್ಚುವ ದಿನದ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗಿಲ್ಲ.

ಕಾಯುವ ಕೆಲಸ ಕಾಂಕ್ರೀಟಿನದ್ದು ಮಾತ್ರ ಅಲ್ಲ. ಇಟ್ಟಿಗೆ ಗೋಡೆಯನ್ನು ಒಂದು ದಿನಕ್ಕೆ ಒಂದೂವರೆ ಮೀಟರ್‌ಗಿಂತ ಎತ್ತರ ಏರಿಸಬಾರದು. ಏರಿಸಿದರೆ ಕೆಳಗಿನ ಹಸಿ ಗಾರೆ ಮೇಲಿನ ಭಾರಕ್ಕೆ ಹಿಸುಕಿ, ಗೋಡೆ ನೆಟ್ಟಗೆ ನಿಲ್ಲದೆ ವಾಲುತ್ತದೆ. ಪಾಯದೊಳಗೆ ಮಣ್ಣು ತುಂಬುವಾಗಲೂ ಹಾಗೇ. ಗೇಣುದ್ದ ಮಣ್ಣು ಹಾಕಿ, ನೀರು ಬಿಟ್ಟು, ಚೆನ್ನಾಗಿ ದಮ್ಮಸ್ಸು ಮಾಡಿ, ಆಮೇಲೆ ಮೇಲಿನ ಪದರ. ಒಂದೇ ದಿನ ಲಾರಿಗಟ್ಟಲೆ ಸುರಿದು ಮುಚ್ಚಿದರೆ, ಎರಡು ವರ್ಷಕ್ಕೆ ನೆಲದ ಟೈಲ್ಸ್ ಕುಸಿದು ಟೊಳ್ಳು ಸದ್ದು ಮಾಡುತ್ತದೆ. ಹೊಸ ಪ್ಲಾಸ್ಟರ್‌ಗೆ ಬಣ್ಣ ಹೊಡೆಯಲು ಸುಮಾರು ನಾಲ್ಕು ವಾರ ಬಿಡುವು ಬೇಕು. ಒಳಗಿನ ತೇವ ಹೊರಬರುವ ಮೊದಲೇ ಬಣ್ಣ ಮುಚ್ಚಿದರೆ ಅದು ಗುಳ್ಳೆಯಾಗಿ ಏಳುತ್ತದೆ.

ಕೆಲವರು ಕೇಳುತ್ತಾರೆ, ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ 102 ಅಂತಸ್ತು, 1931ರಲ್ಲಿ 410 ದಿನಕ್ಕೆ ಮುಗಿಯಿತಂತೆ, ನಮ್ಮ ಮನೆಗೆ ವರ್ಷ ಯಾಕೆ ಅಂತ. ಒಳ್ಳೆಯ ಪ್ರಶ್ನೆ. ಅದರ ಎಲುಬುಗೂಡು ಉಕ್ಕಿನದು. ಅಳತೆಗೆ ಕತ್ತರಿಸಿದ ತುಂಡುಗಳು ಕಾರ್ಖಾನೆಯಿಂದ ಗುರುತು ಹಾಕಿಕೊಂಡೇ ಬರುತ್ತಿದ್ದವು. ತಂದು ನಿಲ್ಲಿಸಿದ ಉಕ್ಕು ಬಲ ಬರಲಿ ಅಂತ ಯಾರೂ ಕಾಯಬೇಕಿರಲಿಲ್ಲ. ಕೆಲಸ ಜೋರಾಗಿದ್ದಾಗ ಅಲ್ಲಿ 3,000ಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು. ಮನೆಯೊಳಗೆ ಅಷ್ಟು ಜನ ನಿಲ್ಲಲೂ ಜಾಗವಿಲ್ಲ. ಒಂದು ಬಚ್ಚಲು ಮನೆಯಲ್ಲಿ ಪ್ಲಂಬರ್ ಪೈಪ್ ಕೂರಿಸಿ, ಸೋರುವುದಿಲ್ಲ ಅಂತ ಪರೀಕ್ಷಿಸಿದ ಮೇಲೆಯೇ ಟೈಲ್ಸ್‌ನವರು ಒಳಗೆ ಬರಬೇಕು. ಇಬ್ಬರ ಜಾಗದಲ್ಲಿ ಹತ್ತು ಜನ ಬಂದರೂ ಆ ಸರದಿ ಬದಲಾಗುವುದಿಲ್ಲ. ಮರದ ಚೌಕಟ್ಟಿನ ಮನೆ, ಕಾರ್ಖಾನೆಯಲ್ಲಿ ಮಾಡಿ ತಂದು ಜೋಡಿಸುವ ಮನೆ ಬೇಗ ಏಳುವುದು ನಿಜ. ಆದರೆ ಅವಕ್ಕೂ ಪಾಯ ಬೇಕು, ಒಳಗಿನ ಕೆಲಸವೂ ಬೇಕು.

ಹಾಗಾದರೆ ನಿಜವಾಗಿ ವ್ಯರ್ಥವಾಗುವ ದಿನಗಳು ಯಾವುವು? ನನ್ನ ಅನುಭವದಲ್ಲಿ ಜಾಸ್ತಿ ದಿನ ಹಾಳಾಗುವುದು ಮನಸ್ಸು ಬದಲಾದಾಗ. ಗೋಡೆ ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲು, ಕಿಟಕಿಗಳ ಮೇಲಂಚಿನವರೆಗೆ ಬಂದ ಮೇಲೆ ಒಂದು ಮನೆಯಲ್ಲಿ ಅಡುಗೆಮನೆಯ ಕಿಟಕಿಯನ್ನು ಪಕ್ಕದ ಗೋಡೆಗೆ ತರೋಣ ಅಂದರು. ಕೇಳಲು ಸಣ್ಣ ಮಾತು. ಗೋಡೆ ಒಡೆಯಬೇಕು, ಹಳೆಯ ಸಂದು ಮುಚ್ಚಬೇಕು, ಸಿಂಕಿನ ಪೈಪ್ ದಾರಿ ಬದಲಿಸಬೇಕು. ಆಗಲೇ ಹೇಳಿಟ್ಟಿದ್ದ ಕಿಟಕಿಯ ಅಳತೆ ಹೊಸ ಜಾಗಕ್ಕೆ ಕೂರಲಿಲ್ಲ. ಹೊಸದು ಬರುವವರೆಗೆ ಆ ಕೋಣೆಯ ಪ್ಲಾಸ್ಟರ್ ನಿಂತಿತು. ಮೂರೂವರೆ ವಾರ ಹೋಯಿತು. ಅದೇ ಮಾತು ನಕ್ಷೆಯ ಕಾಗದದ ಮೇಲೆ ಬಂದಿದ್ದರೆ ರಬ್ಬರ್ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಸರಿ ಮಾಡಬಹುದಿತ್ತು.

ಅದಕ್ಕೆ ನನ್ನ ಕೋರಿಕೆ ಇಷ್ಟೇ. ಪಾಯ ತೋಡುವ ಮೊದಲೇ ಮನೆಯವರೆಲ್ಲ ಒಟ್ಟಿಗೆ ಕೂತು ಮಾತಾಡಿ. ಮಂಚ ಎಲ್ಲಿ, ಸ್ವಿಚ್ ಎಲ್ಲಿ, ಬಾಗಿಲು ಯಾವ ಕಡೆ ತೆರೆಯಬೇಕು, ವಯಸ್ಸಾದವರು ಯಾವ ಕೋಣೆಯಲ್ಲಿ ಮಲಗುತ್ತಾರೆ, ಎಲ್ಲ ಬರೆದಿಡಿ. ಗೋಡೆ ಏಳುತ್ತಿರುವಾಗಲೇ ಟೈಲ್ಸ್, ನಲ್ಲಿ, ಬಾಗಿಲು, ಕಿಟಕಿ ಆರಿಸಿ ಹೇಳಿಡಿ. ಈ ಹಂತದಲ್ಲಿ ನೀವು ಒಂದು ತಿಂಗಳು ಹೆಚ್ಚು ತೆಗೆದುಕೊಂಡರೂ ನನಗೆ ಬೇಸರವಿಲ್ಲ.

ಕೊನೆಗೆ, ಬೀಗದ ಕೈ ಕೊಡುವ ದಿನ ನಾನು ಹೇಳುವ ಒಂದು ಮಾತು. ಹೊಸ ಮನೆ ಒಳಗೊಳಗೇ ಇನ್ನೂ ಒಣಗುತ್ತಿರುತ್ತದೆ. ಮೊದಲ ವರ್ಷ ಪ್ಲಾಸ್ಟರ್ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣಬಹುದು. ಗಾಬರಿ ಬೇಡ, ಕಂಡ ಕೂಡಲೇ ತುಂಬಿಸಲೂ ಬೇಡ. ಬಿರುಕು ಎಲ್ಲಿ ಮುಗಿಯುತ್ತದೋ ಅಲ್ಲಿ ಪೆನ್ಸಿಲ್‌ನಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆಯಿರಿ. ಕೆಲವು ತಿಂಗಳು ಬಿಟ್ಟು ನೋಡಿ. ಗೆರೆ ದಾಟಿಲ್ಲ ಅಂದರೆ ತುಂಬಿಸಿ ಬಣ್ಣ ಹೊಡೆಸಿ. ಗೆರೆ ದಾಟಿ ಮುಂದೆ ಹೋಗಿದ್ದರೆ, ಅಥವಾ ಅಗಲವಾಗಿದ್ದರೆ, ಇಂಜಿನಿಯರ್‌ಗೆ ಫೋನ್ ಮಾಡಿ ಕರೆಸಿ.

ನಮಸ್ಕಾರ.