ಬೆಳಗ್ಗೆ ಆರೂಕಾಲಿಗೆ ತಣ್ಣನೆ ಕಬಾಬ್

ಬೆಳಗ್ಗೆ ಆರೂಕಾಲು. ಲೈಟ್ ಹಾಕಿದ್ರೆ ಅಮ್ಮ ಎದ್ದುಬಿಡ್ತಾರೆ ಅಂತ ಫ್ರಿಡ್ಜ್ ಬೆಳಕಲ್ಲೇ ಶೂಟ್ ಮಾಡಿದೀನಿ, ಅದಕ್ಕೇ ಇಷ್ಟು ಮಬ್ಬು. ಕೈಯಲ್ಲಿರೋದು ಸ್ಟೀಲ್ ಡಬ್ಬಿ. ಒಳಗೆ ರಾತ್ರಿ ತಂದಿದ್ದ ಚಿಕನ್ ಕಬಾಬ್. ಇದನ್ನ ನಾನು ಬಿಸಿ ಮಾಡಲ್ಲ. ಹೀಗೇ, ನಿಂತ್ಕೊಂಡೇ, ಫ್ರಿಡ್ಜ್ ಬಾಗಿಲು ತೆಗೆದಿಟ್ಕೊಂಡೇ ತಿಂತೀನಿ.

ಮುಖ ಕಿವುಚಬೇಡಿ. ನಿಮ್ಮಲ್ಲೂ ಅರ್ಧ ಜನ ಇದನ್ನೇ ಮಾಡ್ತೀರ, ಯಾರಿಗೂ ಹೇಳಲ್ಲ ಅಷ್ಟೇ.

ನಮ್ಮನೇಲಿ ಇದು ಹಳೇ ಜಗಳ. ನಾನು ತಣ್ಣಗಿರೋದೇ ಚೆನ್ನ ಅಂತೀನಿ. ಭಾವ ಮಾತ್ರ ಕಬಾಬ್ ಬಾಂಡ್ಲಿಯಿಂದ ನೇರ ಬಾಯಿಗೆ ಹೋಗಬೇಕು ಅಂತಾರೆ. ಅಮ್ಮನಿಗೆ ಈ ಪಂಚಾಯ್ತಿನೇ ಬೇಡ, ಏನಿದ್ರೂ ಒಂದೇ ಮಾತು: "ಬಿಸಿ ಮಾಡ್ಕೊಂಡು ತಿನ್ರೋ." ಸರಿ, ಒಂದೇ ಬಾಂಡ್ಲಿಯ ಕಬಾಬ್ ತಂದು ಮೂರು ಥರಾನೂ ತಿಂದೇ ನೋಡೋಣ ಅಂತ ಒಂದು ಕೆಜಿ ಕಟ್ಟಿಸಿದೆ. ದುಡ್ಡು ನಂದೇ, ಸ್ಪಾನ್ಸರ್ ಯಾರೂ ಇಲ್ಲ.

ಇದು ಹಿಂದಿನ ರಾತ್ರಿ ಎಂಟು ಗಂಟೆ, ಬಸ್ ಸ್ಟಾಪ್ ಪಕ್ಕದ ಬಂಡಿ. ಹೊರಗಿನವರಿಗೆ ಕಬಾಬ್ ಅಂದ್ರೆ ಕಂಬಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟಿದ್ದು. ನಮ್ಮ ಕಬಾಬ್‌ಗೆ ಕಂಬೀನೂ ಇಲ್ಲ, ಕೆಂಡಾನೂ ಇಲ್ಲ. ಮೂಳೆ ಸಮೇತ ಸಣ್ಣ ಪೀಸು, ಶುಂಠಿ ಬೆಳ್ಳುಳ್ಳಿ ಪೇಸ್ಟು, ಖಾರದ ಪುಡಿ, ನಿಂಬೆರಸ, ಮೊಟ್ಟೆ, ಕಾರ್ನ್‌ಫ್ಲೋರು, ಎಲ್ಲ ಕಲಸಿಟ್ಟು ಎಣ್ಣೇಲಿ ಮುಳುಗಿಸಿ ಕರಿಯೋದು. ಕೊನೆಗೆ ಒಂದು ಹಿಡಿ ಕರಿಬೇವು, ಸೀಳಿದ ಹಸಿಮೆಣಸಿನಕಾಯಿ. ಫ್ರೈಡ್ ಚಿಕನ್‌ಗೆ ನಮ್ಮೂರ ಹೆಸರು ಇದು.

ಬಣ್ಣ ಯಾಕೆ ಕಂದು ಕಡೆ ತಿರುಗಿದೆ ಅಂತ ಕೇಳೋರಿಗೆ: 2024ರ ಜೂನ್‌ನಲ್ಲಿ ಸರ್ಕಾರ ಕಬಾಬ್‌ಗೆ ಕೃತಕ ಬಣ್ಣ ಹಾಕೋದನ್ನ ನಿಷೇಧಿಸ್ತಲ್ಲ. ರಾಜ್ಯದ 39 ಕಬಾಬ್ ಸ್ಯಾಂಪಲ್‌ಗಳಲ್ಲಿ 8ರಲ್ಲಿ ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಥರದ ಬಣ್ಣ ಸಿಕ್ಕಿತ್ತು. ಬಂಡಿಯ ಈ ಅಣ್ಣ ಆಮೇಲೆ ಬ್ಯಾಡಗಿ ಪುಡಿಗೆ ಬಂದ್ರು. ಮೊದಲಿನ ಟ್ರಾಫಿಕ್ ಸಿಗ್ನಲ್ ಕೆಂಪು ಹೋಯ್ತು, ನನಗಂತೂ ಬೇಜಾರಿಲ್ಲ.

ಈಗ ಸದ್ದು ಕೇಳಿ. ಹೆಡ್‌ಫೋನ್ ಇದ್ರೆ ಹಾಕ್ಕೊಳ್ಳಿ. ಹಸಿ ಪೀಸು ಎಣ್ಣೆಗೆ ಬಿದ್ದಾಗ ಬರೋ ಗದ್ದಲ ಇದೆಯಲ್ಲ, ಅದು ಎಣ್ಣೆಯ ಸದ್ದಲ್ಲ. ಕೋಳಿಯೊಳಗಿನ ನೀರು ಆವಿಯಾಗಿ ಹೊರಗೆ ನುಗ್ಗೋ ಸದ್ದು. ಮುಕ್ಕಾಲು ಬೆಂದ ಮೇಲೆ ಅಣ್ಣ ಎಲ್ಲಾನೂ ಎತ್ತಿ ಜರಡಿ ಮೇಲೆ ಗುಡ್ಡೆ ಹಾಕ್ತಾರೆ. ಆರ್ಡರ್ ಬಂದಾಗ ಮತ್ತೆ ಎಣ್ಣೆಗೆ. ಬೇಗ ಕೊಡೋಕೆ ಅಂತ ಮಾಡೋ ಕೆಲಸ, ಆದ್ರೆ ಗರಿಗರಿ ಬರೋದೇ ಇದರಿಂದ. ಗುಡ್ಡೇಲಿ ಕೂತಿದ್ದಾಗ ಮಾಂಸದ ನೀರು ಮೆಲ್ಲಗೆ ಹೊರಗಿನ ಪದರಕ್ಕೆ ಬಂದಿರುತ್ತೆ, ಎರಡನೇ ಸಲ ಕರಿದಾಗ ಅದೂ ಆರಿಹೋಗುತ್ತೆ. ಈಗ ನೋಡಿ, ಗದ್ದಲ ಇಳಿದು ಸಣ್ಣಗೆ ಚಿರ್ ಅನ್ನೋಕೆ ಶುರುವಾಯ್ತು. ಅಣ್ಣ ಆ ಕಡೆ ತಿರುಗಿ ಈರುಳ್ಳಿ ಹೆಚ್ಚುತ್ತಿದ್ದವರು, ಬಾಂಡ್ಲಿ ನೋಡದೇನೇ ಜಾಲರಿ ಸೌಟು ತಗೊಂಡ್ರು. ಕಿವೀಲೇ ಅಡುಗೆ.

ಅವರನ್ನೂ ಕೇಳ್ದೆ. "ಅಣ್ಣ, ನಿಮಗೆ ಬಿಸಿ ಕಬಾಬ್ ಇಷ್ಟಾನಾ, ತಣ್ಣಗಿರೋದಾ?"

"ಸರ್, ಸ್ವಲ್ಪ ಸೈಡಿಗೆ ಬನ್ನಿ, ಎಣ್ಣೆ ಹಾರುತ್ತೆ."

ಉತ್ತರ ಅಷ್ಟೇ.

ಮೊದಲನೇ ಪೀಸಿನ ರುಚಿ ನಾನು ಹೇಳೋ ಹಾಗಿಲ್ಲ, ನಾಲಿಗೆ ಸುಟ್ಕೊಂಡೆ. ಎರಡನೇದು ಊದಿ ತಿಂದೆ. ಹಲ್ಲಿಗೆ ಕಟಕ್ ಅಂತು, ಒಳಗಿಂದ ಹಬೆ ಬಂತು, ಕರಿಬೇವು, ನಿಂಬೆ, ಬೆಳ್ಳುಳ್ಳಿ ವಾಸನೆ ಎಲ್ಲ ಒಟ್ಟಿಗೆ ಮೂಗಿಗೆ ಹತ್ತಿತು. ಒಪ್ಕೋತೀನಿ ಭಾವ, ಆ ಎರಡು ನಿಮಿಷಕ್ಕೆ ಎದುರೇ ಇಲ್ಲ.

ಆದ್ರೆ ನಮ್ಮಕ್ಕನ ಮಗಳನ್ನ ನೋಡಿ. ಎರಡನೇ ಕ್ಲಾಸು. ಅರ್ಧ ಪೀಸು ತಿಂದು "ಮಾಮ, ಖಾರ" ಅಂತ ನೀರಿನ ಬಾಟಲಿ ಹಿಡ್ಕೊಂಡು ಕೂತಳು. ಅದರಲ್ಲಿ ಖಾರದ್ದು ಎಷ್ಟೋ, ಬಿಸಿದೂ ಅಷ್ಟೇ. ಮೆಣಸಿನಕಾಯಿ ಖಾರ ಗುರುತಿಸೋದೂ, ಸುಡೋ ಬಿಸಿ ಗುರುತಿಸೋದೂ ನಾಲಿಗೆಯ ನರಗಳಲ್ಲಿರೋ ಒಂದೇ ಬಾಗಿಲು, ಟಿಆರ್‌ಪಿವಿ1 ಅನ್ನೋ ಪ್ರೋಟೀನು. ಸುಮಾರು 43 ಡಿಗ್ರಿ ದಾಟಿದ್ರೆ ಬರೀ ಬಿಸಿಗೇ ಅದು ತೆರೆಯುತ್ತೆ. ಇದನ್ನ 1997ರಲ್ಲಿ ಕಂಡುಹಿಡಿದ ಅಮೆರಿಕಾದ ವಿಜ್ಞಾನಿ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಕಬಾಬ್ ಬಿಸಿ ಇದ್ದಾಗ ಖಾರ, ಬಿಸಿ ಎರಡೂ ಒಟ್ಟಿಗೆ ಆ ಬಾಗಿಲು ತಟ್ಟುತ್ತವೆ. ಪಾಪ ಮಗು ಏನ್ ಮಾಡುತ್ತೆ.

ಉಳಿದಿದ್ದು ಪಾರ್ಸಲ್. ಕವರಿನ ಬಾಯಿ ಗಟ್ಟಿಯಾಗಿ ಕಟ್ಟಿಕೊಟ್ರು, ನಾನೂ ಸುಮ್ಮನಿದ್ದೆ, ತಪ್ಪು ನಂದೇ. ಸಿಗ್ನಲ್ ದಾಟಿ ಮನೆ ಸೇರೋ ಹೊತ್ತಿಗೆ ಕವರೊಳಗೆಲ್ಲ ಬೆವರು. ಮುಟ್ಟಿದ್ರೆ ಒದ್ದೆ ಬಟ್ಟೆ. ಬೆಚ್ಚಗಿದೆ, ಗರಿ ಇಲ್ಲ. ಈ ಹಂತದಲ್ಲಿ ಕಬಾಬ್ ತಿನ್ನೋರು ಯಾಕೆ ತಿಂತಾರೋ ಗೊತ್ತಿಲ್ಲ. ಹಸಿವೇ ಇರಬೇಕು. ನಾನು ತಟ್ಟೇಲಿ ಹರಡಿ, ಆರಿಸಿ, ಡಬ್ಬಿಗೆ ಹಾಕಿ ಫ್ರಿಡ್ಜ್‌ಗಿಟ್ಟೆ. ಕರಿದು ಎರಡು ಗಂಟೆಯೊಳಗೆ ಫ್ರಿಡ್ಜ್ ಸೇರಬೇಕು, ರಾತ್ರಿಯಿಡೀ ಕಟ್ಟೆ ಮೇಲಿದ್ದಿದ್ದನ್ನ ಬೆಳಗ್ಗೆ ತಿಂದು ನನ್ನ ಹೆಸರು ಹೇಳಬೇಡಿ.

ಮತ್ತೆ ಫ್ರಿಡ್ಜ್ ಮುಂದೆ ಬಂದ್ವಿ. ಆರೂಕಾಲು. ಕಚ್ಚಿದೆ. ಕಟಕ್ ಅನ್ನಲ್ಲ, ಅದನ್ನ ಮರೆತುಬಿಡಿ. ಹೊರಗಿನ ಪದರ ಮಾಂಸಕ್ಕೆ ಬಿಗಿಯಾಗಿ ಅಂಟ್ಕೊಂಡಿದೆ. ವಾಸನೆ ಕಮ್ಮಿ, ಆದ್ರೆ ರಾತ್ರಿ ಖಾರದ ಹಿಂದೆ ಬಚ್ಚಿಟ್ಕೊಂಡಿದ್ದ ಉಪ್ಪು, ಹುಳಿ ಈಗ ಒಂದೊಂದಾಗಿ ಗೊತ್ತಾಗ್ತಿದೆ. ಕ್ಯಾಮೆರಾ ಹತ್ತಿರ ತರ್ತೀನಿ, ಇಲ್ಲಿ, ಕೀಲಿನ ಹತ್ತಿರ ನೋಡಿ. ಮಾಂಸದ ರಸ ಹೆಪ್ಪುಗಟ್ಟಿ ಕಂದು ಜೆಲ್ಲಿ ಆಗಿದೆ. ಬಾಯಲ್ಲಿಟ್ರೆ ಕರಗುತ್ತೆ. ಇದು ಬಿಸಿ ಕಬಾಬ್‌ನಲ್ಲಿ ನಿಮಗೆ ಸಿಗಲ್ಲ. ನನ್ನ ಪಕ್ಷಕ್ಕೆ ಕಾರಣ ಈ ಕಡಲೆಕಾಳಿನಷ್ಟು ಜೆಲ್ಲಿ.

ಇನ್ನೊಂದು. ಬಂಡಿಯ ಎಣ್ಣೆ ಯಾವುದು ಅಂತ ತಿಳೀಬೇಕಂದ್ರೆ ತಣ್ಣಗೇ ತಿನ್ನಬೇಕು. ಪಾಮ್ ಎಣ್ಣೆ ಫ್ರಿಡ್ಜ್‌ನಲ್ಲಿ ಗಟ್ಟಿಯಾಗುತ್ತೆ, ಅಂಗುಳಕ್ಕೆ ಮೇಣ ಮೆತ್ತಿದ ಹಾಗಾಗುತ್ತೆ. ಸೂರ್ಯಕಾಂತಿ ಎಣ್ಣೆ ಗಟ್ಟಿಯಾಗಲ್ಲ. ಬಿಸಿ ಇದ್ದಾಗ ಎರಡೂ ಒಂದೇ ಥರ ಇರುತ್ತೆ. ನಮ್ಮ ಅಣ್ಣನ ಕಬಾಬ್ ಅಂಗುಳಕ್ಕೆ ಅಂಟಲಿಲ್ಲ.

ತಣ್ಣನೆ ಫ್ರೈಡ್ ಚಿಕನ್ ನನ್ನೊಬ್ಬನ ಹುಚ್ಚಲ್ಲ. ಕೊರಿಯಾದಲ್ಲಿ ಡಾಕ್‌ಗಾಂಗ್‌ಜಾಂಗ್ ಅಂತ ಮಾಡ್ತಾರೆ, ಕರಿದ ಕೋಳಿ ಪೀಸುಗಳನ್ನ ಸಿಹಿಖಾರದ ಪಾಕದಲ್ಲಿ ಹೊರಳಿಸೋದು. ಸೋಕ್ಚೋ ಅನ್ನೋ ಊರಿನದು ಆರಿದ್ಮೇಲೂ ಚೆನ್ನಾಗಿರುತ್ತೆ ಅನ್ನೋದಕ್ಕೇ ಹೆಸರುವಾಸಿ. ಅಮೆರಿಕಾದ ಕಥೆ ಬೇರೆ. ವರ್ಣಭೇದದ ಕಾನೂನು ಇದ್ದ ಕಾಲದಲ್ಲಿ ರೈಲಿನ ಊಟದ ಬೋಗಿಗೂ, ದಾರಿಯ ಹೋಟೆಲಿಗೂ ಕಪ್ಪು ಜನರನ್ನ ಸೇರಿಸ್ತಿರಲಿಲ್ಲ. ದಕ್ಷಿಣದಿಂದ ಹೊರಟವರು ಚಪ್ಪಲಿ ಡಬ್ಬದಲ್ಲಿ ಕರಿದ ಕೋಳಿ, ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಕೊಂಡು ಹೋಗ್ತಿದ್ರು. ಶೂಬಾಕ್ಸ್ ಲಂಚ್ ಅಂತಾನೇ ಅದಕ್ಕೆ ಹೆಸರು. ನಾವು ರೈಲಿಗೆ ಪುಳಿಯೋಗರೆ ಕಟ್ಟೋದು ಕೆಡಲ್ಲ ಅಂತ. ಅವರು ಕಟ್ತಿದ್ದಿದ್ದು ಕೆಡಲ್ಲ ಅಂತಲೂ ಹೌದು, ದಾರೀಲಿ ಯಾರೂ ಊಟ ಕೊಡಲ್ಲ ಅಂತಲೂ ಹೌದು. ಅದನ್ನ ಓದಿದ್ಮೇಲೆ ಬಿಸಿ ತಣ್ಣನೆ ಅಂತ ಭಾವನ ಜೊತೆ ಕೂಗಾಡೋದು ಸ್ವಲ್ಪ ಕಮ್ಮಿ ಮಾಡಿದೀನಿ.

ಅಷ್ಟರಲ್ಲಿ ಅಮ್ಮ ಎದ್ರು. ಈ ಕ್ಲಿಪ್‌ನಲ್ಲಿ ಕ್ಯಾಮೆರಾ ಅಲ್ಲಾಡಿದ್ದು ಅದಕ್ಕೇ.

"ಹಲ್ಲುಜ್ಜದೆ ತಂಗಳು ತಿಂತಾ ನಿಂತಿದೀಯಲ್ಲೋ!"

"ತಂಗಳು ಮೀನ್ ಸಾರೇ ರುಚಿ ಅಂತ ನೀನೇ ಹೇಳ್ತೀಯಲ್ಲಮ್ಮ?"

"ಅದು ಸಾರು ಕಣೋ. ರಾತ್ರಿಯೆಲ್ಲ ಮೀನು ಹುಣಸೆಹುಳಿ ಎಳ್ಕೊಂಡಿರುತ್ತೆ. ಕರಿದಿದ್ದು ಏನನ್ನ ಎಳ್ಕೊಳ್ಳುತ್ತೆ?"

ವಾದದಲ್ಲಿ ಅಮ್ಮನ್ನ ಗೆಲ್ಲೋಕಾಗಲ್ಲ. ಮೂರು ಪೀಸು ಕಿತ್ಕೊಂಡು ಮೈಕ್ರೋವೇವ್‌ಗೆ ಹಾಕೇಬಿಟ್ರು. ಹೆಂಗೂ ಅದೇ ನನ್ನ ಮೂರನೇ ಪರೀಕ್ಷೆ.

ಒಂದು ನಿಮಿಷ ಆಯ್ತು, ಬಾಗಿಲು ತೆಗೆದ್ರೆ ಬಂತು ನೋಡಿ ಆ ವಾಸನೆ. ಹಳೇ ಕೋಳಿ ವಾಸನೆ, ರಟ್ಟಿನ ಡಬ್ಬ ನೆನೆದ ಹಾಗೆ. ನಿಮಗೂ ಗೊತ್ತಿರುತ್ತೆ. ಬೇಯಿಸಿದ ಮಾಂಸದ ಕೊಬ್ಬು ಫ್ರಿಡ್ಜ್‌ನಲ್ಲಿದ್ದಾಗಲೇ ಗಾಳಿ ತಾಗಿ ಕೆಡೋಕೆ ಶುರುವಾಗುತ್ತೆ, ಮಾಂಸದಲ್ಲಿರೋ ಕಬ್ಬಿಣದ ಅಂಶ ಅದಕ್ಕೆ ಕುಮ್ಮಕ್ಕು ಕೊಡುತ್ತೆ. ತಣ್ಣಗಿರೋವರೆಗೂ ಆ ವಾಸನೆ ಅಷ್ಟಾಗಿ ಏಳಲ್ಲ. ಬಿಸಿ ಮಾಡಿದ್ರೆ ಎದ್ದು ಕೂರುತ್ತೆ. ಆಹಾರ ವಿಜ್ಞಾನದೋರು 1958ರಲ್ಲೇ ಇದಕ್ಕೊಂದು ಹೆಸರಿಟ್ರು, ವಾರ್ಮ್ಡ್ ಓವರ್ ಫ್ಲೇವರ್ ಅಂತ. ರಾತ್ರಿ ಪೂರ್ತಿ ನಾನೂ ಭಾವನೂ ಕಿತ್ತಾಡಿದ್ದು ವೇಸ್ಟು. ಬಿಸಿದೂ ಸೈ, ತಣ್ಣಗಿರೋದೂ ಸೈ, ಸೋತಿದ್ದು ಎರಡನೇ ಸಲ ಬಿಸಿ ಮಾಡಿದ್ದು. ಪದರ ಮೆತ್ತಗೆ, ಮಾಂಸ ನಾರು. ಅಮ್ಮ ಒಂದು ಪೀಸು ತಿಂದು ಏನೂ ಹೇಳದೆ ಕಾಫಿಗೆ ಹಾಲಿಟ್ರು.

ಮೈಕ್ರೋವೇವ್ ತೋರಿಸದೆ ಉಳಿಸಿದ್ದ ತಣ್ಣನೆ ಪೀಸುಗಳಲ್ಲಿ ಮೂರು ತಿಂದಿದ್ದು ಯಾರು ಗೊತ್ತಾ? ರಾತ್ರಿ "ಮಾಮ, ಖಾರ" ಅಂದವಳೇ. ನೀರೂ ಕುಡಿಯಲಿಲ್ಲ.

ಇದು ಕೊನೇ ಕ್ಲಿಪ್ಪು, ಅದೇ ದಿನ ರಾತ್ರಿ ಹನ್ನೊಂದು. ಬಂಡಿ ಮುಚ್ಚೋ ಹೊತ್ತು. ಸ್ಟೌ ಆರಿದೆ, ಅಣ್ಣ ಬಾಂಡ್ಲಿ ಎಣ್ಣೆ ಸೋಸಿಟ್ಟು ಸ್ಟೂಲ್ ಮೇಲೆ ಕೂತಿದಾರೆ. ಮನೆಯಿಂದ ಬಂದ ಕ್ಯಾರಿಯರ್ ಬಿಚ್ಚಿದ್ರು, ಅನ್ನ, ಬೇಳೆ ಸಾರು. ಜರಡಿ ಮೇಲೆ ಆರಿಹೋಗಿದ್ದ ನಾಲ್ಕು ಪೀಸು ಪಕ್ಕಕ್ಕೆ ಹಾಕ್ಕೊಂಡ್ರು.

"ಅಣ್ಣ, ನಿನ್ನೆ ಕೇಳಿದ್ದಕ್ಕೆ ಹೇಳಲೇ ಇಲ್ಲ."

"ಏನು, ಬಿಸಿದಾ ತಣ್ಣಗಿರೋದಾ ಅಂತಾನಾ?" ಅನ್ನ ಕಲಸ್ತಾನೇ ನಕ್ಕರು. "ಹದಿನಾಲ್ಕು ವರ್ಷ ಆಯ್ತು ಸರ್ ಬಂಡಿ ಹಾಕಿ. ಬಿಸಿದು ತಿನ್ನೋಕೆ ನನಗೆಲ್ಲಿ ಟೈಮ್ ಸಿಕ್ಕಿದೆ?"